ಕೊಂಡುಕುರಿ ಜಿಂಕೆಯಲ್ಲ: ಟೊಳ್ಳು ಕೊಂಬಿನ ಬಳಗದ ಹಿನ್ನೆಲೆ

ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಮುಖ್ಯ ಕಾರಣ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಕಾಡುಪ್ರಾಣಿ. ಆದರೆ ಅದನ್ನು ಕಂಡವರಲ್ಲಿ ಇವತ್ತಿಗೂ ‘ಜಿಂಕೆ’ ಅನ್ನುವವರೇ ಜಾಸ್ತಿ. ಈ ಗೊಂದಲ ಬಗೆಹರಿಯಬೇಕಾದರೆ ಕೊಂಬನ್ನು ನೋಡಬೇಕು.

ಎತ್ತು ಸಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎತ್ತುಗಳು ಗುದ್ದಾಡಿದಾಗ ಒಮ್ಮೊಮ್ಮೆ ಕೊಂಬಿನ ಹೊರಚಿಪ್ಪು ಪೂರ್ತಿ ಕಳಚಿ ಬೀಳುತ್ತದೆ. ತಲೆಯ ಮೇಲೆ ಉಳಿಯುವುದು ರಕ್ತ ಜಿನುಗುವ ಎಲುಬು. ಬಿದ್ದ ಚಿಪ್ಪಿನ ಒಳಗೆ ಟೊಳ್ಳು. ಅದು ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದದ್ದು. ದನ, ಎಮ್ಮೆ, ಕುರಿ, ಮೇಕೆ, ಚಳ್ಳಕೆರೆ ಕಡೆಯ ಕಾವಲುಗಳ ಕೃಷ್ಣಮೃಗ, ಕೊಂಡುಕುರಿ ಎಲ್ಲವೂ ಇದೇ ಬಳಗ. ಇವುಗಳ ಕೊಂಬು ಕವಲೊಡೆಯುವುದಿಲ್ಲ, ವರ್ಷಾವರ್ಷ ಉದುರುವುದೂ ಇಲ್ಲ. ಚುಕ್ಕೆಜಿಂಕೆ, ಕಡವೆಗಳದ್ದು ಬೇರೆ. ಇಡೀ ಕೊಂಬೇ ಗಟ್ಟಿ ಎಲುಬು. ಕವಲಾಗಿ ಬೆಳೆಯುತ್ತದೆ, ಉದುರುತ್ತದೆ, ಮತ್ತೆ ಚಿಗುರುತ್ತದೆ.

ವಿಜ್ಞಾನಿಗಳೂ ಇಲ್ಲಿ ತಡವರಿಸಿದ್ದಾರೆ. 1758ರಲ್ಲಿ ಲಿನೇಯಸ್ ಕೃಷ್ಣಮೃಗವನ್ನು ಮೇಕೆಗಳ ಗುಂಪಿಗೆ ಸೇರಿಸಿ ‘ಕಾಪ್ರಾ ಸೆರ್ವಿಕಾಪ್ರಾ’ ಎಂದು ಕರೆದರು. ಲ್ಯಾಟಿನ್‌ನಲ್ಲಿ ‘ಸೆರ್ವಸ್’ ಅಂದರೆ ಜಿಂಕೆ, ‘ಕಾಪ್ರಾ’ ಅಂದರೆ ಮೇಕೆ. ಹೆಸರಿನಲ್ಲಿ ಜಿಂಕೆಯೂ ಇದೆ, ಮೇಕೆಯೂ ಇದೆ! 1766ರಲ್ಲಿ ಪಲ್ಲಾಸ್ ಅದನ್ನು ಬಿಡಿಸಿ ‘ಆಂಟಿಲೋಪ್’ ಎಂಬ ಗುಂಪು ಮಾಡಿದರು. 1811ರಲ್ಲಿ ಇಲಿಗರ್ ‘ಕ್ಯಾವಿಕಾರ್ನಿಯಾ’, ಅಂದರೆ ಟೊಳ್ಳು ಕೊಂಬಿನವು, ಎಂಬ ಹೆಸರು ತಂದರು. 1821ರಲ್ಲಿ ಗ್ರೇ ಕೊಟ್ಟ ‘ಬೋವಿಡೇ’ ಈಗಲೂ ಬಳಕೆಯಲ್ಲಿದೆ. ಕುರಿಯೂ ಕೊಂಡುಕುರಿಯೂ ಆ ಒಂದೇ ಕುಟುಂಬದವು. ಹಾಗೆ ನೋಡಿದರೆ ನಮ್ಮ ಹಿರಿಯರು ಇದನ್ನು ಜಿಂಕೆ ಅನ್ನದೆ ಕುರಿ ಅಂದಿದ್ದೇ ಸತ್ಯಕ್ಕೆ ಹತ್ತಿರ, ಅಲ್ವಾ?

ಟೊಳ್ಳು ಕೊಂಬಿನ ಬಳಗದಲ್ಲಿ ನಾಲ್ಕು ಕೊಂಬಿರುವ ಕಾಡುಪ್ರಾಣಿ ಕೊಂಡುಕುರಿ ಒಂದೇ. ಕಿವಿಗಳ ನಡುವಿನ ಜೋಡಿ ಉದ್ದ, ಹಣೆಯ ಮೇಲಿನದು ಗಿಡ್ಡ. ಕೆಲವಕ್ಕೆ ಹಣೆಯ ಮೇಲೆ ಬರೀ ಗುಬುಟು. ಮರಿಗಂಡಿಗೆ ಮೊದಲು ಹಿಂದಿನ ಜೋಡಿ ಮಾತ್ರ ಮೂಡುತ್ತದೆ, ಹೆಣ್ಣಿಗೆ ಕೊಂಬೇ ಇಲ್ಲ. ಸಾಮಾನ್ಯವಾಗಿ ಒಂಟಿಯಾಗಿ ಇಲ್ಲವೇ ಜೋಡಿಯಾಗಿ, ನೀರಿನ ಆಸುಪಾಸಿನಲ್ಲೇ ಇರುತ್ತದೆ. ಜಗಳೂರಿನಂಥ ಬರದ ಸೀಮೆಯಲ್ಲಿ ಅದಕ್ಕೊಂದು ಹೊಂಡ ಉಳಿಸುವುದೂ ದೊಡ್ಡ ಕೆಲಸ.

ಹೆಸರು ತಪ್ಪಿದರೆ ನಷ್ಟ ಪ್ರಾಣಿಗೇ. ಕಾಡಿನಲ್ಲಿ ಬದುಕಿರುವ ಜಿಂಕೆಯ ಉದುರಿದ ಕೊಂಬು ಸಿಗಬಹುದು. ಕೊಂಡುಕುರಿಯ ಕೊಂಬಿನ ಜೋಡಿ ಯಾರದಾದರೂ ಮನೆಯಲ್ಲಿದ್ದರೆ ಆ ಪ್ರಾಣಿ ಸತ್ತಿದೆ ಎಂದೇ ಅರ್ಥ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ, ಕೊಂಡುಕುರಿಯ ಹೆಸರಿದೆ. ಹಾಗಾಗಿ ಬೇಟೆ ಅಥವಾ ಅಪಘಾತದ ಸುದ್ದಿ ಅರಣ್ಯ ಇಲಾಖೆಗೆ ಮುಟ್ಟಿಸುವಾಗ ಸುಮ್ನೆ ‘ಜಿಂಕೆ’ ಎನ್ನಬೇಡಿ. ಕೊಂಬು ಎಷ್ಟು, ಕವಲಿದೆಯಾ ಇಲ್ಲವಾ ಎಂಬುದನ್ನೂ ಹೇಳಿ.