ಎತ್ತರದ ಜಾಗದಲ್ಲಿ ಕೆಲಸ: ಕಣ್ಣಿನ ಒತ್ತಡ ಜಾಸ್ತಿ ಆಗುತ್ತಾ?

ಪ್ರಶ್ನೆ: ನನಗೆ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನ ಒತ್ತಡದಿಂದ ಕಣ್ಣಿನ ನರ ಹಾಳಾಗುವ ಕಾಯಿಲೆ) ಇದೆ, ದಿನಾ ಡ್ರಾಪ್ಸ್ ಹಾಕಿಕೊಳ್ಳುತ್ತೇನೆ. ಕೆಲಸದ ಮೇಲೆ ಆಗಾಗ 3,500 ಮೀಟರ್ ಎತ್ತರದ ಸೈಟ್‌ಗೆ ಹೋಗಬೇಕು. ಅಲ್ಲಿ ಕಣ್ಣಿನ ಒತ್ತಡ ಏರುತ್ತಾ?

ಉತ್ತರ: ಎತ್ತರ ಒಂದರಿಂದಲೇ ಒತ್ತಡ ಅಪಾಯದ ಮಟ್ಟಕ್ಕೆ ಹೋಗುವುದು ಅಪರೂಪ. ಕಣ್ಣಿನೊಳಗೆ ಇರುವುದು ದ್ರವ. ಹೊರಗಿನ ಗಾಳಿಯ ಒತ್ತಡ ಇಳಿದರೆ ಅದೇನೂ ಹಿಗ್ಗುವುದಿಲ್ಲ. ಎತ್ತರದಲ್ಲಿ ಅಳೆದಾಗ ಕೆಲವರಲ್ಲಿ ಒತ್ತಡ ತುಸು ಏರಿದೆ, ಕೆಲವರಲ್ಲಿ ಇಳಿದಿದೆ. ಆಮ್ಲಜನಕ ಕಡಿಮೆಯಾದಾಗ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಸ್ವಲ್ಪ ದಪ್ಪವಾಗುತ್ತದೆ, ಆಗ ಯಂತ್ರ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಅಲ್ಲಿ ಅಳೆದ ಒಂದು ಸಂಖ್ಯೆ ನೋಡಿ ಗಾಬರಿಯಾಗಬೇಡಿ.

ನಿಮ್ಮ ವಿಷಯದಲ್ಲಿ ನಾನು ಯೋಚಿಸುವುದು ಕಣ್ಣಿನ ನರದ ಬಗ್ಗೆ. ಅದು ಈಗಾಗಲೇ ಸಾಕಷ್ಟು ಹಾಳಾಗಿದ್ದರೆ, ಕಡಿಮೆ ಆಮ್ಲಜನಕ ಅದಕ್ಕೆ ಇನ್ನೊಂದು ಹೊರೆ. ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಿ. ಡ್ರಾಪ್ಸ್ ಬಾಟಲಿ ಕೈಚೀಲದಲ್ಲೇ ಇರಲಿ, ಒಂದು ಹೊತ್ತೂ ತಪ್ಪಿಸಬೇಡಿ.

ನಿಜವಾದ ಅಪಾಯ ಇರುವುದು ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಆಪರೇಷನ್‌ನಲ್ಲಿ ಕಣ್ಣಿಗೆ ಗ್ಯಾಸ್ ತುಂಬಿಸಿಕೊಂಡವರಿಗೆ. ಮೇಲೆ ಹೋದಂತೆ ಸೀಲ್ ಮಾಡಿದ ಪ್ಯಾಕೆಟ್ ಉಬ್ಬುತ್ತದೆ ಅಲ್ವಾ, ಆ ಗುಳ್ಳೆಯೂ ಹಾಗೇ. ಆದರೆ ಕಣ್ಣಿನ ಗೋಡೆ ಅಷ್ಟು ಹಿಗ್ಗುವುದಿಲ್ಲ. ಒತ್ತಡ ಥಟ್ಟನೆ ಏರಿ ರಕ್ತನಾಳ ಮುಚ್ಚಿಕೊಂಡರೆ ದೃಷ್ಟಿಯೇ ಹೋಗಬಹುದು. ವಿಮಾನವೂ ಬೇಡ: ಕ್ಯಾಬಿನ್ ಒಳಗಿನ ಗಾಳಿ ಸುಮಾರು 2,400 ಮೀಟರ್ ಎತ್ತರದಷ್ಟು ತೆಳುವಾಗಿರಬಹುದು. ಗ್ಯಾಸ್ ಕರಗಲು, ಯಾವ ಗ್ಯಾಸ್ ಎಂಬುದರ ಮೇಲೆ, ಎರಡು ವಾರದಿಂದ ಎರಡು ತಿಂಗಳು ಬೇಕು. ಗುಳ್ಳೆ ಪೂರ್ತಿ ಹೋಗಿದೆ ಎಂದು ಡಾಕ್ಟರ್ ಹೇಳುವ ತನಕ ಕಾಯಲೇಬೇಕು. ಇದನ್ನು ಮೇಲಧಿಕಾರಿಗೆ ಹೇಳಲು ಸಂಕೋಚ ಬೇಡ.

ಇನ್ನೊಂದು ಮಾತು. ಎತ್ತರದ ಕಾಯಿಲೆ ಬಾರದಂತೆ ಕೊಡುವ ಅಸೆಟಜೋಲಮೈಡ್ ಮಾತ್ರೆ ಕಣ್ಣಿನ ಒತ್ತಡವನ್ನೂ ಇಳಿಸುತ್ತದೆ. ಗ್ಲಾಕೋಮಾಕ್ಕೆ ಅದನ್ನೇ ನುಂಗುತ್ತಿದ್ದರೆ ಗೊತ್ತಿಲ್ಲದೆ ಡೋಸ್ ಡಬಲ್ ಆಗಬಹುದು. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಅದನ್ನೂ ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ತಲೆನೋವು, ವಾಂತಿ ಬಂದರೆ ಎಲ್ಲರೂ "ಎತ್ತರಕ್ಕೆ ಹೀಗಾಗುತ್ತೆ, ಸುಮ್ನೆ ಮಲಗು" ಅನ್ನುತ್ತಾರೆ. ಜೊತೆಗೆ ಒಂದು ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ದೃಷ್ಟಿ ಮಂಜಾಗಿದ್ದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಕಣ್ಣಿನ ಒತ್ತಡವೇ ಹಠಾತ್ತಾಗಿ ಏರಿರಬಹುದು. ಬೆಳಗಾಗಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೊರಡಿ.