ಜೂನ್ ತ್ರೈಮಾಸಿಕದ ಮೋಡಿ: ಸಿಮೆಂಟ್ ಶೀಟ್ ಕಂಪನಿಗಳ ಲಾಭದ ಹಿಂದಿನ ಕತೆ

ಪ್ರತಿ ವರ್ಷ ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಸಿಮೆಂಟ್ ಶೀಟ್ ತಯಾರಿಸುವ ಕಂಪನಿಗಳ ಷೇರು ವಿಪರೀತ ಅಗ್ಗವಾಗಿ ಕಾಣುತ್ತದೆ. ಏಪ್ರಿಲ್–ಜೂನ್ ಫಲಿತಾಂಶ ಆಗಷ್ಟೇ ಹೊರಬಿದ್ದಿರುತ್ತದೆ. ಮಳೆ ಹಿಡಿಯುವ ಮುನ್ನ ಮನೆ, ಕೊಟ್ಟಿಗೆ, ಕೋಳಿ ಫಾರಂಗಳ ಮಾಡು ಮುಗಿಸಲು ಹಳ್ಳಿಯವರು ಶೀಟ್ ಕೊಳ್ಳುವ ಕಾಲ ಅದು. ಒಂದು ಕಾಲ್ಪನಿಕ ಲೆಕ್ಕ ನೋಡಿ: ಜೂನ್ ತ್ರೈಮಾಸಿಕದಲ್ಲಿ ಷೇರಿಗೆ 20 ರೂ. ಗಳಿಕೆ. ನಾಲ್ಕರಿಂದ ಗುಣಿಸಿದರೆ 80. 800 ರೂ.ಗೆ ಸಿಗುವ ಷೇರು ಗಳಿಕೆಯ ಹತ್ತೇ ಪಟ್ಟು ಅನ್ನಿಸುತ್ತದೆ. ಮಳೆಗಾಲದ ತ್ರೈಮಾಸಿಕ ಕಳೆದು ಮಾರ್ಚ್ ಬಂದಾಗ ವರ್ಷದ ಗಳಿಕೆ 40 ರೂ.ಗೆ ನಿಂತರೆ, ಕೊಂಡದ್ದು ಇಪ್ಪತ್ತು ಪಟ್ಟಿಗೆ. ಈ ಉದ್ಯಮದಲ್ಲಿ ಜೂನನ್ನು ಹಿಂದಿನ ಜೂನ್‌ ಜೊತೆಗೇ ಹೋಲಿಸಬೇಕು, ಮಾರ್ಚ್ ಜೊತೆ ಅಲ್ಲ.

ಮಳೆಗೂ ಮಾಡಿಗೂ ಇರುವ ಈ ನಂಟು ಶೀಟಿಗಿಂತ ಹಳೆಯದು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ. ನೇತ್ರಾವತಿ ದಂಡೆಯ ಜೇಡಿಮಣ್ಣಿನಿಂದಾದ ಆ ಹೆಂಚು ಕರಾವಳಿ ದಾಟಿ ದೂರದೂರಿಗೆ ಹೋಯಿತು. ಆದರೆ ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು, ಕೆಳಗೆ ಅಡಿಗೊಂದರಂತೆ ರೀಪು, ಅದನ್ನು ಹೊರಲು ಪಕ್ಕಾಸು. 6 ಮಿ.ಮೀ. ದಪ್ಪದ ಅಲೆಅಲೆ ಸಿಮೆಂಟ್ ಶೀಟಿಗೆ 1.4 ಮೀಟರಿಗೊಂದು ಅಡ್ಡತೊಲೆ ಸಾಕು. 3 ಮೀಟರ್ ಉದ್ದ, 1.05 ಮೀಟರ್ ಅಗಲದ ಒಂದು ಶೀಟ್, ಅಂಚಿನ ಮೇಲ್ಹೊದಿಕೆ ಕಳೆದೂ ಸುಮಾರು 2.9 ಚದರ ಮೀಟರ್ ಮುಚ್ಚುತ್ತದೆ. ಹೆಂಚನ್ನು ಸೋಲಿಸಿದ್ದು ಶೀಟಿನ ಬೆಲೆಗಿಂತ ಹೆಚ್ಚಾಗಿ ಅದು ಉಳಿಸಿದ ಮರ.

ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ 1900ರ ಸುಮಾರಿಗೆ ಕಂಡುಹಿಡಿದ ವಿಧಾನದಲ್ಲೇ ಇಂದಿಗೂ ಶೀಟ್ ಆಗುತ್ತದೆ. ಸಿಮೆಂಟ್, ಹಾರುಬೂದಿ, ಕಾಗದದ ತಿರುಳು ಮತ್ತು ನೂರಕ್ಕೆ 8–10 ಪಾಲು ಬಿಳಿ ಕಲ್ನಾರು (ಆಸ್ಬೆಸ್ಟಾಸ್), ಅಂದರೆ ಕ್ರೈಸೊಟೈಲ್, ಇವುಗಳ ತೆಳು ರಾಡಿಯನ್ನು ತಿರುಗುವ ಜರಡಿ ಎತ್ತಿಕೊಳ್ಳುತ್ತದೆ. ಪದರದ ಮೇಲೆ ಪದರ ಸುತ್ತಿ, ಕತ್ತರಿಸಿ, ಅಚ್ಚಿನಲ್ಲಿ ಅಲೆ ಮೂಡಿಸಿ ಗಟ್ಟಿಯಾಗಲು ಬಿಡುತ್ತಾರೆ. ಭಾರತದಲ್ಲಿ ಮೊದಲು ಬಂದದ್ದು ಮಧ್ಯಪ್ರದೇಶದ ಕೈಮೋರಿನ ಕಾರ್ಖಾನೆಯಿದ್ದ, ಇಂದು ಎವರೆಸ್ಟ್ ಎನಿಸಿಕೊಂಡ ಕಂಪನಿ, 1934ರಲ್ಲಿ. 1946ರಲ್ಲಿ ಹೈದರಾಬಾದಿನ, ಮುಂದೆ ಎಚ್‌ಐಎಲ್ ಎನಿಸಿಕೊಂಡ ಕಂಪನಿ ಹುಟ್ಟಿತು. ಅದರ ಚಾರ್‌ಮಿನಾರ್ ಶೀಟ್ ನಮ್ಮ ಸಂತೆ ಊರುಗಳ ಗೋಡೆ ಬರಹಗಳಲ್ಲೂ ಇತ್ತು. ಆಮೇಲೆ ರಾಮ್ಕೋ, ವಿಶಾಖಾ ಬಂದವು. ವಿಶಾಖಾದ ಒಂದು ಘಟಕ ತುಮಕೂರಿನಲ್ಲಿದೆ. ಘಟಕಗಳು ಹೀಗೆ ಚದುರಿರುವುದಕ್ಕೆ ಕಾರಣ ತೂಕ. ಚದರ ಮೀಟರಿಗೆ 13–14 ಕೆ.ಜಿ. ಭಾರದ, ಕುಲುಕಿದರೆ ಬಿರುಕುಬಿಡುವ ಸರಕನ್ನು ದೂರ ಸಾಗಿಸಿದರೆ ಲಾಭ ಲಾರಿಗೇ ಹೋಗುತ್ತದೆ.

ಹೂಡಿಕೆದಾರನ ನಿಜವಾದ ತಲೆನೋವು ಆ ಎಂಟು–ಹತ್ತು ಪಾಲಿನಲ್ಲಿದೆ. ಕಲ್ನಾರಿನ ಧೂಳು ಉಸಿರಾಟದಲ್ಲಿ ಸೇರಿದರೆ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ದಶಕಗಳ ನಂತರ ತಲೆಯೆತ್ತುತ್ತವೆ. ಅಮೆರಿಕದ ಜಾನ್ಸ್ ಮ್ಯಾನ್‌ವಿಲ್ ಕಂಪನಿ ಲಾಭದಲ್ಲಿದ್ದಾಗಲೇ, ಪರಿಹಾರ ಮೊಕದ್ದಮೆಗಳ ಭಾರಕ್ಕೆ 1982ರಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮಲ್ಲಿ 1986ರಿಂದ ಹೊಸ ಗಣಿ ಗುತ್ತಿಗೆ ನಿಂತಿತು. 1995ರಲ್ಲಿ ಸುಪ್ರೀಂ ಕೋರ್ಟ್, ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದಿತು. 2011ರಲ್ಲಿ ಪೂರ್ಣ ನಿಷೇಧ ಕೋರಿದ ಅರ್ಜಿಯನ್ನು ಅದೇ ಕೋರ್ಟ್ ತಳ್ಳಿಹಾಕಿತು. ಅಗೆಯಲು ಬಿಡದ, ಆದರೆ ಆಮದಿಗೆ ತಡೆಯಿಲ್ಲದ ಈ ವಿಚಿತ್ರ ಸ್ಥಿತಿಯಿಂದ ಕಚ್ಚಾವಸ್ತು ಡಾಲರ್ ಲೆಕ್ಕಕ್ಕೆ ಬಿತ್ತು. ಯುರೋಪ್ ಒಕ್ಕೂಟ 2005ರಲ್ಲಿ, ಕೆನಡಾ 2018ರಲ್ಲಿ ಬಾಗಿಲು ಹಾಕಿದವು. ಅಮೆರಿಕ 2024ರಲ್ಲಿ ಕ್ರೈಸೊಟೈಲ್ ನಿಷೇಧಕ್ಕೆ ನಿಯಮ ತಂದಿತು. ಬ್ರೆಜಿಲ್ಲಿನ ಸರ್ವೋಚ್ಚ ನ್ಯಾಯಾಲಯವೂ 2017ರಲ್ಲಿ ನಿಷೇಧಿಸಿತು, ರಫ್ತು ಮಾತ್ರ ಎಳೆದಾಡುತ್ತಾ ನಡೆದಿದೆ. ಹಾಗಾಗಿ ರಷ್ಯಾ, ಕಜಕಸ್ತಾನದ ಬೆರಳೆಣಿಕೆಯ ಗಣಿಗಳ ಮೇಲೆ ಅವಲಂಬನೆ ದೊಡ್ಡದು.

ಕಲ್ನಾರು ಬಿಟ್ಟರಾಯಿತಲ್ಲ ಎಂದು ಹೇಳುವುದು ಸುಲಭ. ಕಲ್ನಾರಿನ ಎಳೆ ಶೀಟಿಗೆ ಬಲ ಕೊಡುವುದಷ್ಟೇ ಅಲ್ಲ, ಜರಡಿಯ ಮೇಲೆ ಸಿಮೆಂಟಿನ ಕಣಗಳನ್ನು ಬಲೆಯಂತೆ ಹಿಡಿದಿಡುತ್ತದೆ. ಬದಲಿಗೆ ಹಾಕುವ ಪಿವಿಎ ಎಂಬ ಕೃತಕ ನಾರಿಗೆ ಬಲವಿದೆ, ಈ ಹಿಡಿತವಿಲ್ಲ. ಸಿಮೆಂಟ್ ನೀರಿನ ಜೊತೆ ಸೋರಿಹೋಗುತ್ತದೆ. ಅದನ್ನು ತಡೆಯಲು ಚೆನ್ನಾಗಿ ಅರೆದ ತಿರುಳು ಬೇಕು, ಯಂತ್ರದ ಹದ ಬದಲಾಗಬೇಕು. ಶೀಟ್ ದುಬಾರಿಯಾಗುತ್ತದೆ, ಕೊಟ್ಟಿಗೆ ಹೊದಿಸುವ ರೈತ ಆ ಹೆಚ್ಚುವರಿ ಹಣ ಕೊಡುವುದಿಲ್ಲ.

ಅತ್ತ ಬಣ್ಣದ ತಗಡು ಬಂತು. ಚದರ ಮೀಟರಿಗೆ 4–5 ಕೆ.ಜಿ., ಒಡೆಯುವ ಭಯವಿಲ್ಲ. ಬಿಸಿಲಿಗೆ ಬೇಗ ಕಾಯುತ್ತದೆ, ಮಳೆಗೆ ಸದ್ದು ಮಾಡುತ್ತದೆ, ಆದರೂ ಉಕ್ಕಿನ ಬೆಲೆ ಇಳಿದಾಗ ಶೀಟಿನ ದರ ಏರಿಸಲು ಕಂಪನಿಗಳಿಗೆ ಧೈರ್ಯ ಬರುವುದಿಲ್ಲ. ಇನ್ನೊಂದು ಕಡೆ ಪ್ರಧಾನಮಂತ್ರಿ ಆವಾಸ್ ಗ್ರಾಮೀಣದ 1.20 ಲಕ್ಷ ರೂ. ನೆರವಿಗೆ ಕೈಯಿಂದ ಒಂದಿಷ್ಟು ಸೇರಿಸಿ ನೇರ ತಾರಸಿಗೇ ಹೋಗುವ ಮನೆಗಳಿವೆ. ಶೀಟ್ ಕ್ರಮೇಣ ಮನೆಯಿಂದ ಹಿತ್ತಲಿಗೆ, ಕೊಟ್ಟಿಗೆಗೆ ಸರಿಯುತ್ತಿದೆ ಎಂಬುದು ನಮ್ಮ ಅಂದಾಜು.

ಕಂಪನಿಗಳಿಗೂ ಇದು ಗೊತ್ತು. ಅದಕ್ಕೇ ಕಲ್ನಾರಿಲ್ಲದ ಫೈಬರ್ ಸಿಮೆಂಟ್ ಬೋರ್ಡ್, ಹಗುರ ಬ್ಲಾಕ್, ಪೈಪ್, ಉಕ್ಕಿನ ಕಟ್ಟಡ, ಸೌರ ಮಾಡು ಎಂದು ಹರಡಿಕೊಂಡವು. ಹೈದರಾಬಾದಿನ ಎಚ್‌ಐಎಲ್ 2018ರಲ್ಲಿ ಜರ್ಮನಿಯ ಪ್ಯಾರಡಾರ್ ಎಂಬ ನೆಲಹಾಸು ಕಂಪನಿಯನ್ನೇ ಕೊಂಡಿತು, 2025ರಲ್ಲಿ ಹೆಸರನ್ನೂ ಬಿರ್ಲಾನು ಎಂದು ಬದಲಿಸಿತು. ಆದರೆ ಯುರೋಪಿನ ಮನೆ ನಿರ್ಮಾಣ ಕುಗ್ಗಿದಾಗ ಆ ಖರೀದಿಯೇ ಒಟ್ಟು ಲಾಭವನ್ನು ತಿಂದಿತು. ಹಳೆಯ ಶೀಟ್ ದುಡಿದು ತಂದದ್ದನ್ನು ಹೊಸ ವ್ಯವಹಾರ ಖರ್ಚುಮಾಡುವುದು ಈ ವಲಯದ ಪದೇಪದೇ ಕಾಣುವ ಚಾಳಿ.

ಆದ್ದರಿಂದ ವಾರ್ಷಿಕ ವರದಿ ತೆರೆದವರು ಮೊದಲು ವಿಭಾಗವಾರು ಪುಟಕ್ಕೆ ಹೋಗಲಿ. ಪ್ರತಿ ವಿಭಾಗದ ಲಾಭವನ್ನು ಅಲ್ಲಿ ತೊಡಗಿಸಿದ ಬಂಡವಾಳದಿಂದ ಭಾಗಿಸಿ, ಮೂರು ವರ್ಷದ್ದನ್ನು ಪಕ್ಕಪಕ್ಕ ಇಡಿ. ಬೋರ್ಡಿನ ಅಂಕಿ ಶೀಟಿನದಕ್ಕಿಂತ ಬಹಳ ಕೆಳಗಿದ್ದು, ಹೊಸ ಸಾಲವೆಲ್ಲ ಬೋರ್ಡಿಗೇ ಹೋಗುತ್ತಿದ್ದರೆ ಎಚ್ಚರ. ಮಾರ್ಚ್ 31ರ ದಾಸ್ತಾನು ದೊಡ್ಡದಿದ್ದರೆ ಗಾಬರಿ ಬೇಡ. ಶೀಟ್ ಹದವಾಗಲು ವಾರಗಳು ಹಿಡಿಯುವುದರಿಂದ ಬೇಸಿಗೆಯ ಮಾರಾಟಕ್ಕೆ ಮೊದಲೇ ಪೇರಿಸಿಡಬೇಕಾಗುತ್ತದೆ. ಅವಸರಕ್ಕೆ ಹಸಿ ಶೀಟ್ ಕಳಿಸಿದವರಿಗೆ ಒಡಕಿನ ದೂರುಗಳು ವಾಪಸು ಬರುತ್ತವೆ. ಗಾಬರಿಯಾಗಬೇಕಾದದ್ದು ಸೆಪ್ಟೆಂಬರ್ 30ರಂದೂ ಅದೇ ದಾಸ್ತಾನು ಕೂತಿದ್ದರೆ: ಮಳೆ ಬೇಗ ಬಂತು, ಇಲ್ಲವೇ ಗಿರಾಕಿ ತಗಡಿನ ಅಂಗಡಿಗೆ ಹೋದ.