ದಿನಕ್ಕೆ ನೂರು ಕಿಲೋಮೀಟರ್ ಓಡಿಸಲೇಬೇಕೇ? ಹಂಪಿಯಿಂದ ವಿಜಯಪುರಕ್ಕೆ ಹೊರಟವರಿಗೊಂದು ಉತ್ತರ

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ನಾಲ್ಕು ದಿನ ರಜೆ ಇದೆ. ಹಂಪಿಯಿಂದ ಹೊರಟು ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ವಿಜಯಪುರದವರೆಗೆ ಸೈಕಲ್‌ನಲ್ಲಿ ಹೋಗಬೇಕೆಂದು ನಾವು ಮೂವರು ಗೆಳೆಯರು ತೀರ್ಮಾನಿಸಿದ್ದೇವೆ. ದಿನಕ್ಕೆ ನೂರು ಕಿ.ಮೀ. ಲೆಕ್ಕ ಹಾಕಿಕೊಂಡಿದ್ದೇವೆ. ಇದಕ್ಕೆ ಎಂಥ ಸೈಕಲ್ ಕೊಳ್ಳಬೇಕು?

ದಸರೆ ಮುಗಿದು ಚಳಿ ಕಾಲಿಟ್ಟರೆ ಸಾಕು, ಈ ಪ್ರಶ್ನೆ ಬರುತ್ತದೆ. ಕೇಳುವವರು ಬದಲಾಗುತ್ತಾರೆ, ಊರುಗಳು ಬದಲಾಗುತ್ತವೆ. ಒಬ್ಬರು ಹಳೇಬೀಡು ಎನ್ನುತ್ತಾರೆ, ಇನ್ನೊಬ್ಬರು ಚಿತ್ರದುರ್ಗ ಎನ್ನುತ್ತಾರೆ. ಆ ‘ನೂರು ಕಿಲೋಮೀಟರ್’ ಮಾತ್ರ ಬದಲಾಗುವುದೇ ಇಲ್ಲ. ಎಷ್ಟು ಸಲ ಹೇಳಿದರೂ ಅದು ಮತ್ತೆ ಬಂದು ಎದುರು ನಿಲ್ಲುತ್ತದೆ. ಹಾಗಾಗಿ ಈ ಬಾರಿ ಬಿಡಿಸಿ ಬರೆಯುತ್ತೇನೆ.

ಮೊದಲು ಸೈಕಲ್ ವಿಷಯ ಮುಗಿಸಿಬಿಡೋಣ, ಅದು ಚಿಕ್ಕದು. ನಿಮ್ಮ ಮನೆಯಲ್ಲಿರುವ ಸೈಕಲ್ ನಿಮ್ಮ ಎತ್ತರಕ್ಕೆ ಹೊಂದುತ್ತದೆಯೇ ನೋಡಿ. ಪೆಡಲ್ ತೀರ ಕೆಳಗಿರುವಾಗ ಮೊಣಕಾಲು ಪೂರ್ತಿ ನೆಟ್ಟಗಾಗಬಾರದು, ತುಸು ಬಾಗಿರಬೇಕು. ಹಿಂದೆ ಗಟ್ಟಿಯಾದ ಕ್ಯಾರಿಯರ್ ಇರಬೇಕು, ಬ್ರೇಕ್ ರಬ್ಬರ್‌ಗಳು ಹೊಸವಾಗಿರಬೇಕು, ಟೈರು ಸವೆದಿರಬಾರದು. ಈ ಸೀಮೆಯ ಬಹುಪಾಲು ಬಯಲು. ಗಜೇಂದ್ರಗಡದ ಆಸುಪಾಸು ಮತ್ತು ಬಾದಾಮಿಯ ಹತ್ತಿರ ಏರುಗಳಿವೆ, ಅಲ್ಲಿ ಗೇರ್ ಇದ್ದರೆ ಮೊಣಕಾಲಿಗೆ ಸುಖ. ಇಲ್ಲದಿದ್ದರೆ ಅರ್ಧ ಕಿಲೋಮೀಟರ್ ಇಳಿದು ತಳ್ಳಿದರಾಯಿತು. ಪ್ರವಾಸಕ್ಕೆ ವಾರ ಮುಂಚೆ ಹೊಸ ಸೈಕಲ್ ಕೊಳ್ಳುವುದು ಮಾತ್ರ ಬೇಡ. ಹೊಸ ಸೀಟಿಗೆ ಮೈ ಒಗ್ಗಲು ವಾರಗಳೇ ಬೇಕು.

ಈಗ ನೂರರ ವಿಷಯ. ಇದು ಎಲ್ಲಿಂದ ಬಂತು ಎಂಬುದು ನನಗೆ ಚೆನ್ನಾಗಿ ಗೊತ್ತಿದೆ. ಬ್ರೆವೆ ಎಂಬ ದೂರದ ಸೈಕಲ್ ಸವಾರಿ ನಮ್ಮ ನಗರಗಳಲ್ಲೂ ನಡೆಯುತ್ತದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ ಎಂದು ಅದಕ್ಕೆ ಗಡುವು. ಅದು ಒಳ್ಳೆಯ ಕ್ರೀಡೆ, ಅದನ್ನು ಮುಗಿಸಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಗಡಿಯಾರ ನೋಡುತ್ತಾರೆ, ಗುಡಿ ನೋಡುವುದಿಲ್ಲ. ಕ್ರೀಡೆಯ ಅಳತೆಯನ್ನು ಎತ್ತಿ ಪ್ರವಾಸದ ಮೇಲಿಟ್ಟದ್ದರಿಂದಲೇ ಈ ಎಡವಟ್ಟು ಹುಟ್ಟಿದೆ.

ಲೆಕ್ಕವನ್ನೇ ಮಾಡಿ ನೋಡೋಣ. ಡಿಸೆಂಬರ್ ಕೊನೆಯಲ್ಲಿ ಈ ಭಾಗದಲ್ಲಿ ಹಗಲು ಹನ್ನೊಂದು ಗಂಟೆಗಿಂತ ತುಸು ಹೆಚ್ಚು. ಸೂರ್ಯ ಹುಟ್ಟುವಾಗ ಏಳು ಗಂಟೆ ಸಮೀಪಿಸಿರುತ್ತದೆ, ಆರು ದಾಟುವಷ್ಟರಲ್ಲಿ ಮುಳುಗುತ್ತದೆ. ಹತ್ತು ಹನ್ನೆರಡು ಕಿಲೋ ಸಾಮಾನು ಹೇರಿಕೊಂಡ ಸೈಕಲ್ ಒಳದಾರಿಗಳಲ್ಲಿ ಗಂಟೆಗೆ ಹದಿಮೂರು ಹದಿನಾಲ್ಕು ಕಿ.ಮೀ. ಹೋದರೆ ದೊಡ್ಡದು. ನೂರು ಕಿ.ಮೀ.ಗೆ ಏಳು ಗಂಟೆಗಿಂತ ಹೆಚ್ಚು ಪೆಡಲ್ ತುಳಿಯಬೇಕು. ಊಟ, ನೀರು, ನೆರಳಿನಲ್ಲಿ ವಿಶ್ರಾಂತಿ, ಒಂದು ಪಂಕ್ಚರ್ ಎಂದು ಮೂರು ಗಂಟೆ ಸೇರಿಸಿ. ಉಳಿದದ್ದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಬಾದಾಮಿಯ ನಾಲ್ಕು ಗುಹೆ, ಅಗಸ್ತ್ಯ ತೀರ್ಥ, ಉತ್ತರದ ಕೋಟೆ, ಭೂತನಾಥ ಗುಡಿ ಎಲ್ಲವನ್ನೂ ನೋಡುತ್ತೀರಾ? ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಅದರ ಮುಂದೆ ನಿಂತು ಕಣ್ಣು ಹೊಂದಿಕೊಳ್ಳಲೇ ಹತ್ತು ನಿಮಿಷ ಬೇಕು. ಭೂತನಾಥ ಗುಡಿ ಕೆರೆಯ ಮೂಡಣ ಅಂಚಿನಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತಿದೆ. ಸಂಜೆಯ ಬಿಸಿಲು ಬಿದ್ದು ಅದರ ಹಿಂದಿನ ಬಂಡೆ ಕೆಂಪೇರುವ ಹೊತ್ತಿಗೆ ಅಲ್ಲಿರಬೇಕು. ನೂರು ಕಿ.ಮೀ. ತುಳಿಯುವವರು ಆ ಹೊತ್ತಿಗೆ ಇನ್ನೂ ರೋಣದ ರಸ್ತೆಯಲ್ಲಿರುತ್ತಾರೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹಳೆಯ ದಾರಿಗಳಿಗೆ ತಮ್ಮದೇ ಅಳತೆ ಇತ್ತು. ನಮ್ಮ ಅಜ್ಜಂದಿರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು. ಒಂದು ಹರದಾರಿ ಎಂದರೆ ಸುಮಾರು ಮೂರು ಮೈಲಿ. ನಾಲ್ಕು ಹರದಾರಿ ಒಂದು ಗಾವುದ, ಅಂದರೆ ಸುಮಾರು ಹನ್ನೆರಡು ಮೈಲಿ, ಹತ್ತೊಂಬತ್ತು ಕಿ.ಮೀ. ಹೇರಿದ ಬಂಡಿಯ ಎತ್ತು ಬೆಳಿಗ್ಗೆ ಹೊರಟು, ಬಿಸಿಲಿಗೆ ನೊಗ ಇಳಿಸಿಕೊಂಡು, ಸಂಜೆಗೆ ಮುಟ್ಟುವ ದೂರ ಹೆಚ್ಚುಕಡಿಮೆ ಅಷ್ಟೇ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಪ್ರತಿದಿನದ ಪಯಣವನ್ನು ಬರೆದಿಟ್ಟಿದ್ದಾನೆ. ಸಾಮಾನ್ಯವಾಗಿ ದಿನಕ್ಕೆ ಮೂರು ನಾಲ್ಕು ಕೋಸು; ಕೋಸೂ ಹರದಾರಿಯಂಥದ್ದೇ ಒಂದು ಹಳೆಯ ಅಳತೆ. ಅಷ್ಟು ನಿಧಾನವಾಗಿ ಹೋದದ್ದರಿಂದಲೇ ಯಾವ ಊರಿನಲ್ಲಿ ಯಾವ ಮಣ್ಣು, ಯಾವ ಬೆಳೆ, ಯಾವ ಮಗ್ಗ ಎಂದು ಬರೆಯಲು ಅವನಿಗೆ ಸಾಧ್ಯವಾಯಿತು. ಸಂತೆ, ಛತ್ರ, ಬಾವಿ, ಅರವಟಿಗೆ, ಗುಡಿ ಎಲ್ಲವೂ ಎತ್ತಿನ ನಡಿಗೆಗೆ ತಕ್ಕಂತೆ ಬೆಳೆದವು. ಸೈಕಲ್‌ಗೆ ಎತ್ತಿಗಿಂತ ಇಮ್ಮಡಿ ವೇಗವಿದೆ ಎಂದುಕೊಳ್ಳಿ. ದಿನಕ್ಕೆ ಎರಡು ಗಾವುದ, ಅಂದರೆ ನಲವತ್ತು ಕಿ.ಮೀ. ಹಳೆಯ ದಾರಿ ತನ್ನನ್ನು ತೋರಿಸಿಕೊಳ್ಳುವುದು ಆ ವೇಗಕ್ಕೆ.

ನಂಬಿಕೆ ಬಾರದಿದ್ದರೆ ನಕ್ಷೆ ಬಿಡಿಸಿ. ಹೊಸಪೇಟೆಯಿಂದ ವಿಜಯಪುರಕ್ಕೆ ಹೆದ್ದಾರಿಯಿದೆ, ಕುಷ್ಟಗಿ, ಇಳಕಲ್ಲು, ನಿಡಗುಂದಿ ಮಾರ್ಗವಾಗಿ ಸುಮಾರು ಇನ್ನೂರು ಕಿ.ಮೀ. ನೂರರ ಲೆಕ್ಕದವರು ಎರಡೇ ದಿನದಲ್ಲಿ ಮುಟ್ಟುತ್ತಾರೆ. ಎರಡು ದಿನ ಅವರ ಕಣ್ಣಿಗೆ ಬೀಳುವುದು ಲಾರಿಯ ಹಿಂಬದಿ. ಹಳೆಯ ದಾರಿ ಬೇಕೆಂದರೆ ಎಡಕ್ಕೆ ತಿರುಗಬೇಕು. ಕೊಪ್ಪಳದಲ್ಲಿ ಗವಿಮಠದ ಬೆಟ್ಟದ ಮೇಲೆ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಕ್ರಿ.ಪೂ. 3ನೆಯ ಶತಮಾನದ ಬಂಡೆ ಶಾಸನಗಳಿವೆ. ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳು, ಅಲ್ಲಿಂದ ಏಳೆಂಟು ಕಿ.ಮೀ. ದೂರದ ಇಟಗಿಯಲ್ಲಿ ಮಹಾದೇವ ದೇವಾಲಯ. ಮುಂದೆ ಗಜೇಂದ್ರಗಡ ದಾಟಿದರೆ ಸೂಡಿ. ಅಲ್ಲಿ ಜೋಡುಕಳಸದ ಗುಡಿಯಿದೆ, ನಾಗಕುಂಡವಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ಟಂಕಸಾಲೆಯಿತ್ತು. ನಾಣ್ಯ ಟಂಕಿಸುವ ಊರು ವ್ಯಾಪಾರದ ದಾರಿಯಿಂದ ದೂರ ಇರುವುದಿಲ್ಲ. ಇನ್ನು ಐಹೊಳೆಯಂತೂ ಅಯ್ಯಾವೊಳೆ ಐನೂರ್ವರ ಮೂಲ ನೆಲೆ, ದಕ್ಷಿಣ ಭಾರತದ ಉದ್ದಗಲಕ್ಕೂ ಹೇರು ಹೊಡೆದ ವರ್ತಕರ ಸಂಘದ ಊರು. ಇವನ್ನೆಲ್ಲ ಪೋಣಿಸುವ ದಾರಿ ವಿಜಯಪುರ ಮುಟ್ಟುವಷ್ಟರಲ್ಲಿ ಮುನ್ನೂರೈವತ್ತರಿಂದ ನಾನೂರು ಕಿ.ಮೀ. ಆಗುತ್ತದೆ. ಒಂಬತ್ತು ದಿನ ಇಟ್ಟುಕೊಳ್ಳಿ.

ನಾನೂ ಮೊದಲ ಸಲ ನೂರರ ಬೆನ್ನು ಹತ್ತಿದವನೇ. ಕುಕನೂರಿನ ಹತ್ತಿರ ಇಟಗಿಯ ಫಲಕ ಕಂಡಿತು, ಮಧ್ಯಾಹ್ನ ಮೂರು ಗಂಟೆ. ಆ ದಿನದ ಲೆಕ್ಕದಲ್ಲಿ ಇನ್ನೂ ನಲವತ್ತು ಕಿ.ಮೀ. ಬಾಕಿ. ತಿರುಗದೆ ಮುಂದೆ ಹೋದೆ. ರಾತ್ರಿ ಉಳಿದುಕೊಂಡ ಊರಿನಲ್ಲಿ, ಲಾಡ್ಜಿನ ಕೆಳಗೆ ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು ‘ಇಟಗಿ ನೋಡಿದಿರೇನು?’ ಎಂದು ಕೇಳಿದರು. ಇಲ್ಲ ಎಂದೆ. ‘ಅಷ್ಟು ದೂರದಿಂದ ಬಂದು ದೇವಾಲಯ ಚಕ್ರವರ್ತಿಯನ್ನೇ ಬಿಟ್ಟಿರಲ್ಲ’ ಎಂದರು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಆ ಗುಡಿಯನ್ನು ಅದರ ಶಾಸನವೇ ಕರೆಯುವ ಹೆಸರು ಅದು. ಆ ಮಾತು ಬಹಳ ದಿನ ಮನಸ್ಸಿನಲ್ಲಿ ಕೊರೆಯಿತು. ಮುಂದಿನ ವರ್ಷ ಅದಕ್ಕೆಂದೇ ಹೋದೆ. ಹೊರಗೋಡೆಯ ಒಂದು ಪುಟ್ಟ ಕಿರುಗೋಪುರದ ಕೆಳಗೆ, ಹೆಬ್ಬೆರಳಿನಷ್ಟು ಜಾಗದಲ್ಲಿ, ಬಳ್ಳಿಯ ಸುರುಳಿಯ ಹಿಂಬದಿಯನ್ನೂ ಬಿಡಿಸಿ ಕೆತ್ತಿದ್ದಾರೆ. ಬೆರಳು ಹಿಂದಕ್ಕೆ ತೂರುವುದಿಲ್ಲ, ಬೆಳಕು ತೂರುತ್ತದೆ. ಅದನ್ನು ನೋಡುತ್ತ ಕುಳಿತ ಆ ದಿನ ನಾನು ತುಳಿದದ್ದು ಬರೀ ಇಪ್ಪತ್ತೆರಡು ಕಿ.ಮೀ.

ಮೈಯ ಮಾತನ್ನೂ ಕೇಳಿ. ಮೊದಲ ದಿನ ನೂರು ಕಿ.ಮೀ. ಹುರುಪಿನಿಂದ ಆಗಿಬಿಡುತ್ತದೆ. ಎರಡನೆಯ ದಿನ ಹಟದಿಂದ ಆಗುತ್ತದೆ. ಮೂರನೆಯ ದಿನ ಮೊಣಕಾಲಿನ ಚಿಪ್ಪಿನ ಕೆಳಗೆ ನೋವು ಶುರುವಾಗುತ್ತದೆ, ಅಂಗೈಯ ಕಿರುಬೆರಳಿನ ಕಡೆ ಜೋಮು ಹಿಡಿಯುತ್ತದೆ, ಸೀಟಿನ ಮೇಲೆ ಕೂರಲಾಗುವುದಿಲ್ಲ. ನಾಲ್ಕನೆಯ ದಿನ ಬಸ್ಸಿನ ಮೇಲೆ ಸೈಕಲ್ ಹಾಕಿ ಮನೆಗೆ ಬಂದವರು ನನಗೆ ಬಹಳ ಮಂದಿ ಗೊತ್ತು. ನಲವತ್ತರಿಂದ ಶುರು ಮಾಡಿದವರಲ್ಲಿ ಹಾಗೆ ಬಂದವರನ್ನು ನಾನು ಕಂಡಿಲ್ಲ.

‘ನಮಗಿರುವುದು ನಾಲ್ಕೇ ದಿನ’ ಎನ್ನುತ್ತೀರಿ. ಹಾಗಾದರೆ ದಾರಿಯನ್ನು ಕತ್ತರಿಸಿ, ದಿನವನ್ನು ಹಿಗ್ಗಿಸಬೇಡಿ. ಕೊಪ್ಪಳದಿಂದ ಬಾದಾಮಿಯವರೆಗೆ ಮಾಡಿ. ಉಳಿದದ್ದು ಮುಂದಿನ ವರ್ಷಕ್ಕಿರಲಿ. ಬಾದಾಮಿಗೆ ರೈಲು ನಿಲ್ದಾಣವಿದೆ. ಸೈಕಲ್ ರೈಲಿನ ಸಾಮಾನು ಬೋಗಿಯಲ್ಲಿ ಬರುತ್ತದೆ, ಪಾರ್ಸಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ಹೆಸರು, ಊರು, ಮುಟ್ಟಬೇಕಾದ ನಿಲ್ದಾಣ ಬರೆದ ಚೀಟಿಯನ್ನು ಹ್ಯಾಂಡಲ್‌ಗೂ ಸೀಟಿಗೂ ಬಿಗಿಯಾಗಿ ಕಟ್ಟಿ. ಚಿಕ್ಕ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ. ಆದ್ದರಿಂದ ಹುಬ್ಬಳ್ಳಿ, ಗದಗದಂಥ ದೊಡ್ಡ ನಿಲ್ದಾಣದಿಂದ ಏರಿಸುವುದು ಜಾಣತನ.

ಕಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನವೆಂಬರ್‌ನಿಂದ ಫೆಬ್ರುವರಿ. ಜೂನ್‌ನಿಂದಾಚೆ ಪಡುವಣ ಗಾಳಿ ಬೀಸಿದರೆ ಸೈಕಲ್ ಪಕ್ಕಕ್ಕೆ ವಾಲುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಅದಕ್ಕೇ. ಮಳೆ ಬಿದ್ದರೆ ಎರೆಮಣ್ಣು ಚಕ್ರಕ್ಕೂ ಬ್ರೇಕಿಗೂ ಮೆತ್ತಿಕೊಂಡು ಗಾಲಿಯೇ ತಿರುಗುವುದಿಲ್ಲ, ಕಡ್ಡಿಯಿಂದ ಕೆರೆದು ಕೆರೆದು ಸಾಕಾಗುತ್ತದೆ. ಜನವರಿಯಲ್ಲಿ ಹೋಗುವವರು ಬನದ ಹುಣ್ಣಿಮೆ ಎಂದು ಬರುತ್ತದೆ ನೋಡಿಕೊಳ್ಳಿ. ಬನಶಂಕರಿ ಜಾತ್ರೆಗೆ ಬಾದಾಮಿಯ ಕೋಣೆಗಳೆಲ್ಲ ತುಂಬಿರುತ್ತವೆ. ಕತ್ತಲಾದ ಮೇಲೆ ರಸ್ತೆಗೆ ಇಳಿಯಲೇಬೇಡಿ. ಅದು ಕಬ್ಬು ಕಟಾವಿನ ಕಾಲ, ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ರಾತ್ರಿಯಿಡೀ ಓಡಾಡುತ್ತವೆ.

ಇನ್ನು ಜಾಲಿ ಮುಳ್ಳು. ಹೆಚ್ಚುವರಿ ಟ್ಯೂಬು ಎರಡು, ತೇಪೆ, ಪಂಪು ಇಟ್ಟುಕೊಳ್ಳಿ. ಸೂಡಿಯ ಹತ್ತಿರ ಒಂದೇ ಬೆಳಿಗ್ಗೆ ನನಗೆ ಎರಡು ಸಲ ಪಂಕ್ಚರ್ ಆಯಿತು. ಎರಡನೆಯ ಸಲ ಪಂಕ್ಚರ್ ಅಂಗಡಿಯ ಹುಡುಗ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುವ ಮೊದಲೇ ಟೈರಿನ ಒಳಗೆ ಬಟ್ಟೆಯ ಚೂರು ತೂರಿಸಿ ಸುತ್ತಲೂ ಎಳೆದ. ಒಂದು ಕಡೆ ಬಟ್ಟೆ ಸಿಕ್ಕಿಕೊಂಡಿತು. ಅಲ್ಲಿತ್ತು ಮುರಿದ ಮುಳ್ಳಿನ ತುದಿ. ಮೊದಲ ಸಲ ನಾನು ತೇಪೆ ಹಾಕಿ ಮುಳ್ಳನ್ನು ಒಳಗೇ ಬಿಟ್ಟಿದ್ದೆ. ಬೆರಳಿನಿಂದ ತಡವಿದರೆ ಚುಚ್ಚುತ್ತದೆ, ಬಟ್ಟೆಯಿಂದ ಎಳೆಯಿರಿ.

ಬಾಗಲಕೋಟೆಯಿಂದ ವಿಜಯಪುರದ ಎಂಬತ್ತು ಕಿ.ಮೀ. ಆಸುಪಾಸಿನ ದಾರಿಯನ್ನು ಎರಡು ದಿನ ಮಾಡಿಕೊಳ್ಳಿ. ಆಲಮಟ್ಟಿಯ ಹಿನ್ನೀರಿನ ಮೇಲಿನ ಕೊರ್ತಿ–ಕೊಲ್ಹಾರ ಸೇತುವೆ ಉದ್ದವಾದದ್ದು, ನೀರಿನ ಮೇಲಿಂದ ಗಾಳಿ ಬೀಸುತ್ತದೆ. ಅದನ್ನು ಬೆಳಿಗ್ಗೆಯೇ ದಾಟಿ ಕೊಲ್ಹಾರದಲ್ಲಿ ಇಳಿದು ಗಡಿಗೆಯ ಗಟ್ಟಿ ಮೊಸರು, ಜೋಳದ ರೊಟ್ಟಿ ಊಟ ಮಾಡಿ.

ಸೇತುವೆ ಎಂದಾಗ ಯಾರೂ ಕೇಳದ ಒಂದು ಪ್ರಶ್ನೆ ನೆನಪಾಗುತ್ತದೆ. ಈ ದಾರಿಯಲ್ಲಿ ತುಂಗಭದ್ರೆ, ಮಲಪ್ರಭೆ, ಘಟಪ್ರಭೆ, ಕೃಷ್ಣೆ ಎಲ್ಲವೂ ಅಡ್ಡ ಬರುತ್ತವೆ. ಹಿಂದಿನವರು ಹೇಗೆ ದಾಟುತ್ತಿದ್ದರು? ಹಳೆಯ ದಾರಿ ಹುಡುಕುವವರು ಮೊದಲು ಕೇಳಬೇಕಾದದ್ದು ಇದನ್ನೇ. ಬಯಲಿನಲ್ಲಿ ಬಂಡಿಯ ಜಾಡು ಎತ್ತಲಾದರೂ ಹೊರಳಬಹುದು. ನದಿಯಲ್ಲಿ ಮಾತ್ರ ಕಾಲಿಡಲು, ಹರಿಗೋಲು ಹಾಕಲು ಆಗುವ ಜಾಗ ಕೆಲವೇ. ದಾರಿಗಳೆಲ್ಲ ಅಲ್ಲಿಗೆ ಬಂದು ಕೂಡಲೇಬೇಕು. ಆನೆಗೊಂದಿಯ ಕಡವು ಅಂಥದ್ದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿಯ ಹರಿಗೋಲುಗಳನ್ನು ಕಂಡು ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿನವು, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತವೆ ಎಂದು. ವಿಠ್ಠಲ ದೇವಾಲಯದ ಕೆಳಗೆ, ಪುರಂದರ ಮಂಟಪದ ಹತ್ತಿರ, ಹಳೆಯ ಸೇತುವೆಯ ಕಲ್ಲುಕಂಬಗಳು ಇಂದಿಗೂ ನದಿಯಲ್ಲಿ ಸಾಲಾಗಿ ನಿಂತಿವೆ. ಹಂಪಿಯಲ್ಲಿ ಒಂದು ದಿನ ಹೆಚ್ಚು ಇದ್ದು, ನಡೆದೇ ಹೋಗಿ ಆ ಕಂಬಗಳನ್ನು ನೋಡಿ. ಮರುದಿನ ನದಿಯಲ್ಲಿ ನೀರು ಕಡಿಮೆಯಿದ್ದು ತಳವಾರಘಟ್ಟದಲ್ಲಿ ದೋಣಿ ನಡೆಯುತ್ತಿದ್ದರೆ ಸೈಕಲ್ ಸಮೇತ ದಾಟಿಸುತ್ತಾರೆಯೇ ಕೇಳಿ. ದೋಣಿ ಇಲ್ಲದಿದ್ದರೆ ಬುಕ್ಕಸಾಗರದ ಸೇತುವೆಯಿದೆ, ತುಸು ಬಳಸು. ದೋಣಿ ಸಿಕ್ಕರೆ ಚೀಲಗಳನ್ನು ಕ್ಯಾರಿಯರ್‌ನಿಂದ ಬಿಚ್ಚಿ ನಡುವೆ ಇಡಿ, ಸೈಕಲನ್ನು ಅಡ್ಡ ಮಲಗಿಸಿ, ಮೇಲೆ ಒಂದು ಕೈ ಇಟ್ಟುಕೊಂಡು ಕುಳಿತಿರಿ. ಆಚೆ ದಡದಲ್ಲಿ ಹತ್ತುವ ಕಲ್ಲುದಾರಿ ನೇರವಾಗಿ ಆನೆಗೊಂದಿಯ ಕೋಟೆಬಾಗಿಲಿಗೆ ಹೋಗುತ್ತದೆ.